ದಿನದ ಮೇವಿನಿಂದ ಹೊರಡುವ ಲೆಕ್ಕ: ಮನೆಯಲ್ಲೊಂದು ಚಿಕ್ಕ ಅಕ್ವಾಪೋನಿಕ್ಸ್ ಘಟಕ

ಅಕ್ವಾಪೋನಿಕ್ಸ್ ಎಂದರೆ ಮೀನು ಸಾಕಿದ ತೊಟ್ಟಿಯ ನೀರನ್ನೇ ಗಿಡಗಳಿಗೆ ಹರಿಸಿ ಮತ್ತೆ ತೊಟ್ಟಿಗೆ ಮರಳಿಸುವ, ಮಣ್ಣಿಲ್ಲದ ಕೃಷಿ. ಮನೆಯಲ್ಲಿ ಇಂಥ ಘಟಕ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಎರಡು ಪ್ರಶ್ನೆಗಳನ್ನು: ತೊಟ್ಟಿ ಎಷ್ಟು ಲೀಟರಿನದಿರಬೇಕು, ಅದರಲ್ಲಿ ಎಷ್ಟು ಮೀನು ಬಿಡಬಹುದು? ಪ್ರಶ್ನೆಗಳು ಸಹಜವಾದವೇ. ಆದರೆ ಇವೆರಡರ ಉತ್ತರವೂ ಮೂರನೆಯದೊಂದು ಪ್ರಶ್ನೆಯ ಮೇಲೆ ನಿಂತಿದೆ: ಈ ನೀರಿಗೆ ದಿನಕ್ಕೆ ಎಷ್ಟು ಗ್ರಾಂ ಮೇವು ಬೀಳುತ್ತದೆ? ಗಿಡಗಳಿಗೆ ಸಿಗುವ ಸಾರಜನಕ, ಬ್ಯಾಕ್ಟೀರಿಯಾಗಳ ಪಾಲಿಗೆ ಬರುವ ಕೆಲಸ, ಖರ್ಚಾಗುವ ಆಮ್ಲಜನಕ, ಇಳಿಯುತ್ತ ಹೋಗುವ ಪಿಎಚ್ (ನೀರು ಆಮ್ಲೀಯವೋ ಕ್ಷಾರೀಯವೋ ಎಂಬುದರ ಅಳತೆ), ಗಿಡ ನೆಡುವ ಮಡಿಯ ಜಲ್ಲಿಯ ನಡುವೆ ಸೇರುವ ಕೆಸರು ಎಲ್ಲವೂ ಆ ಗ್ರಾಮುಗಳನ್ನೇ ಅನುಸರಿಸುತ್ತವೆ. ಆದ್ದರಿಂದ ಗ್ರಾಮು ತೂಗಬಲ್ಲ ಚಿಕ್ಕದೊಂದು ತಕ್ಕಡಿ ಈ ಕೆಲಸದಲ್ಲಿ ಪಂಪಿನಷ್ಟೇ ಅಗತ್ಯವಾದ ಸಲಕರಣೆ.

ಮೇವಿನಿಂದ ಗಿಡದವರೆಗಿನ ದಾರಿಯನ್ನು ಅಂಕಿಗಳಲ್ಲೇ ನೋಡೋಣ. ಶೇ. 32 ಪ್ರೋಟೀನ್ ಇರುವ ಮೀನಿನ ಮೇವನ್ನು 100 ಗ್ರಾಂ ಹಾಕಿದರೆ ಅದರಲ್ಲಿ 32 ಗ್ರಾಂ ಪ್ರೋಟೀನ್ ಇರುತ್ತದೆ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16ರಷ್ಟು ಸಾರಜನಕವಿರುವುದರಿಂದ ಆ ಮೇವಿನೊಂದಿಗೆ 5 ಗ್ರಾಮಿಗಿಂತ ತುಸು ಹೆಚ್ಚು ಸಾರಜನಕ ನೀರಿಗೆ ಇಳಿಯಿತು ಎಂದಾಯಿತು. ಅದರಲ್ಲಿ ಒಂದು ಪಾಲು ಮೀನಿನ ಮೈಗೆ ಸೇರುತ್ತದೆ, ಸ್ವಲ್ಪ ಮಲದಲ್ಲಿ ಹೋಗುತ್ತದೆ. ಉಳಿದ ಸುಮಾರು 3 ಗ್ರಾಂ ಅಮೋನಿಯಾ ರೂಪದಲ್ಲಿ, ಮುಖ್ಯವಾಗಿ ಕಿವಿರುಗಳ ಮೂಲಕ, ನೀರಿಗೆ ಬಂದು ಸೇರುತ್ತದೆ. ಅಮೋನಿಯಾ ಮೀನಿಗೆ ವಿಷ. ನೈಟ್ರೊಸೊಮೊನಾಸ್ ಮತ್ತು ಅದರ ಬಳಗದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ನೈಟ್ರೊಸ್ಪೈರಾ, ನೈಟ್ರೊಬ್ಯಾಕ್ಟರ್ ಮುಂತಾದ ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸಿದ ಮೇಲಷ್ಟೇ ನೀರು ಮೀನಿಗೆ ಸುರಕ್ಷಿತವೂ ಗಿಡಕ್ಕೆ ಪುಷ್ಟಿದಾಯಕವೂ ಆಗುತ್ತದೆ. ಗಿಡದ ಬೇರು ನೈಟ್ರೇಟನ್ನು ಹೀರಿಕೊಳ್ಳುತ್ತದೆ, ನೀರು ತೊಟ್ಟಿಗೆ ಮರಳುತ್ತದೆ.

ಇದನ್ನು ಗೊಬ್ಬರವೇ ಬೇಡದ ಕೃಷಿ ಎಂದು ಹೊಗಳುವುದುಂಟು. ಆ ಮಾತು ಅರ್ಧ ಮಾತ್ರ ನಿಜ. ಗೊಬ್ಬರವನ್ನು ಇಲ್ಲಿ ಮೇವಿನ ಚೀಲದಲ್ಲಿ ಕೊಂಡು ತರಲಾಗುತ್ತದೆ; ಮೀನು ಅದನ್ನು ಒಮ್ಮೆ ಬಳಸಿ ಗಿಡಕ್ಕೆ ದಾಟಿಸುತ್ತದೆ, ಅಷ್ಟೆ. ನೀರಿನ ಉಳಿತಾಯದ ಮಾತು ಮಾತ್ರ ಉತ್ಪ್ರೇಕ್ಷೆಯಲ್ಲ. ಆವಿಯಾಗಿ ಹೋದದ್ದು, ಗಿಡ ಕುಡಿದದ್ದು ಬಿಟ್ಟರೆ ನೀರು ಹೊರಗೆ ಹೋಗುವುದೇ ಇಲ್ಲ, ಮತ್ತು ಸಾಮಾನ್ಯ ಘಟಕದಲ್ಲಿ ದಿನಕ್ಕೆ ಒಟ್ಟು ನೀರಿನ ಶೇ. 1ರಿಂದ 3ರಷ್ಟನ್ನು ಮತ್ತೆ ತುಂಬಿಸಿದರೆ ಸಾಕಾಗುತ್ತದೆ.

ಘಟಕದ ವಿನ್ಯಾಸಗಳು ಹಲವು. ಥರ್ಮಾಕೋಲಿನಂಥ ಹಲಗೆಯ ಮೇಲೆ ಗಿಡಗಳನ್ನು ತೇಲಿಬಿಡುವುದು ಒಂದು ಬಗೆ. ಇಳಿಜಾರಾದ ಪೈಪುಗಳಲ್ಲಿ ತೆಳುವಾಗಿ ನೀರು ಹರಿಸುವುದು ಇನ್ನೊಂದು. ಎರಡೂ ಒಳ್ಳೆಯವೇ, ಆದರೆ ಎರಡಕ್ಕೂ ಕೆಸರನ್ನು ಸೋಸುವ, ಬ್ಯಾಕ್ಟೀರಿಯಾಗಳಿಗೆ ನೆಲೆಯಾಗುವ ಪ್ರತ್ಯೇಕ ಫಿಲ್ಟರುಗಳು ಬೇಕು. ಜಲ್ಲಿಕಲ್ಲು ತುಂಬಿದ ಮಡಿಯಲ್ಲಾದರೆ ಕೆಸರು ತಡೆಯುವ, ಬ್ಯಾಕ್ಟೀರಿಯಾಗಳನ್ನು ಪೋಷಿಸುವ, ಗಿಡವನ್ನು ಹಿಡಿದು ನಿಲ್ಲಿಸುವ ಮೂರು ಕೆಲಸಗಳೂ ಒಂದೇ ಕಡೆ ನಡೆಯುತ್ತವೆ. ಮೊದಲ ಸಲ ಕಟ್ಟುವವರು ಬೇರೆಯದನ್ನು ಯೋಚಿಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಅಳತೆಗೆ ಬರೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಹೊರತಂದ, ಸಣ್ಣ ಪ್ರಮಾಣದ ಅಕ್ವಾಪೋನಿಕ್ಸ್ ಕುರಿತ ಕೈಪಿಡಿಯ ಪ್ರಕಾರ, ಸೊಪ್ಪಿನ ಬೆಳೆಗೆ ಒಂದು ಚದರ ಮೀಟರ್ ಮಡಿಗೆ ದಿನಕ್ಕೆ 40ರಿಂದ 50 ಗ್ರಾಂ, ಟೊಮೆಟೊದಂಥ ಕಾಯಿ ಬಿಡುವ ಬೆಳೆಗೆ 50ರಿಂದ 80 ಗ್ರಾಂ ಮೇವು ಹೊಂದುತ್ತದೆ. ನಮಗೆ ಒಂದು ಚದರ ಮೀಟರ್ ಸೊಪ್ಪಿನ ಮಡಿ ಸಾಕು ಎಂದಿಟ್ಟುಕೊಂಡರೆ ದಿನಕ್ಕೆ 50 ಗ್ರಾಂ ಮೇವು ಬೇಕಾಯಿತು. ಬೆಳೆದ ಮೀನು ದಿನಕ್ಕೆ ತನ್ನ ತೂಕದ ಶೇ. 1ರಿಂದ 2ರಷ್ಟು ತಿನ್ನುತ್ತದೆ, ಶೇ. 1.5 ಎಂದು ಹಿಡಿದರೆ 50 ಗ್ರಾಂ ತಿನ್ನಲು ಸುಮಾರು 3.3 ಕಿಲೋ ಮೀನು ಬೇಕು, ಅಂದರೆ ಸುಮಾರು 220 ಗ್ರಾಂ ತೂಗುವ 15 ಮೀನುಗಳು. ಅನುಭವ ಕಡಿಮೆ ಇರುವವರು 1000 ಲೀಟರ್ ನೀರಿಗೆ 20 ಕಿಲೋ ಮೀನಿನ ಮಿತಿಯನ್ನು ದಾಟಬಾರದೆಂಬ ಸಲಹೆಯಿದೆ. 500 ಲೀಟರ್ ತೊಟ್ಟಿಯಲ್ಲಿ 3.3 ಕಿಲೋ ಎಂದರೆ ಆ ಮಿತಿಯ ಮೂರನೆಯ ಒಂದು ಭಾಗ ಮಾತ್ರ. ತೊಟ್ಟಿ ಖಾಲಿ ಖಾಲಿಯಾಗಿ ಕಾಣಬಹುದು, ಹಾಗೆಯೇ ಇರಲಿ. ಹೆಚ್ಚಿನ ನೀರಿದ್ದಷ್ಟೂ ತಾಪಮಾನವಾಗಲಿ, ಅಮೋನಿಯಾ ಆಗಲಿ ನಿಧಾನವಾಗಿ ಏರಿಳಿಯುತ್ತದೆ ಮತ್ತು ತಪ್ಪನ್ನು ಗಮನಿಸಿ ಸರಿಪಡಿಸಲು ನಮಗೆ ಸಮಯ ಸಿಗುತ್ತದೆ.

ಆದರೆ ಅಂಗಡಿಯಿಂದ ತರುವಾಗ ಮೀನು 220 ಗ್ರಾಂ ಇರುವುದಿಲ್ಲವಲ್ಲ. 20 ಗ್ರಾಮಿನ 15 ಮರಿಗಳು ಸೇರಿ 300 ಗ್ರಾಂ. ಎಳೆಯವು ತೂಕದ ಪ್ರಮಾಣದಲ್ಲಿ ಹೆಚ್ಚು ತಿಂದರೂ ದಿನಕ್ಕೆ 10ರಿಂದ 15 ಗ್ರಾಂ ಮೀರುವುದಿಲ್ಲ. ಮೊದಲ ತಿಂಗಳುಗಳಲ್ಲಿ ಇಡೀ ಮಡಿಗೆ ಸಸಿ ನೆಟ್ಟು, ಎಲೆ ಹಳದಿಯಾಗಿದೆ ಎಂದು ಕೊರಗುವವರ ತೊಂದರೆಯ ಮೂಲ ಇಲ್ಲಿದೆ: ಕಾಲು ಭಾಗ ಮೇವಿಗೆ ಕಾಲು ಭಾಗ ಮಡಿಯನ್ನಷ್ಟೇ ನೆಡಬೇಕಿತ್ತು.

ತೊಟ್ಟಿ, ಮಡಿ, ಪೈಪುಗಳನ್ನು ಆರಿಸುವಾಗ ಗಮನಿಸಬೇಕಾದ್ದು ಹೆಚ್ಚೇನಿಲ್ಲ. ಆಹಾರ ತುಂಬಲು ಯೋಗ್ಯವಾದ ಪ್ಲಾಸ್ಟಿಕ್ ಡ್ರಮ್ಮು ಅಥವಾ ಟ್ಯಾಂಕು ಆಗುತ್ತದೆ. ರಾಸಾಯನಿಕ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ. ತಾಮ್ರದ ಪೈಪು, ಸತುವಿನ ಲೇಪವಿರುವ ಕಬ್ಬಿಣದ ತಗಡು ಮೀನಿಗೆ ಅಪಾಯಕಾರಿ. ನೀರಿಗೆ ಬಿಸಿಲು ನೇರವಾಗಿ ಬಿದ್ದರೆ ಪಾಚಿ ಬೆಳೆಯುತ್ತದೆ, ಅದು ಹಗಲಿನಲ್ಲಿ ಪಿಎಚ್ ಏರಿಸಿ ರಾತ್ರಿಯಲ್ಲಿ ಆಮ್ಲಜನಕವನ್ನು ಕಬಳಿಸುತ್ತದೆ. ಹಾಗಾಗಿ ತೊಟ್ಟಿಗೆ ಬೆಳಕು ತೂರದಂತಹ ಹೊದಿಕೆ ಇರಲಿ. ಅದು ಮೀನು ಹೊರಗೆ ಜಿಗಿಯದಂತೆಯೂ ತಡೆಯುತ್ತದೆ. ತೂಕದ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 500 ಲೀಟರ್ ನೀರೆಂದರೆ 500 ಕಿಲೋ. ಒಂದು ಚದರ ಮೀಟರ್ ಅಗಲಕ್ಕೆ 30 ಸೆಂಟಿಮೀಟರ್ ಆಳ ಜಲ್ಲಿ ತುಂಬಿದರೆ ಇನ್ನೂ ಸುಮಾರು 450 ಕಿಲೋ. ಹತ್ತಿರ ಹತ್ತಿರ ಒಂದು ಟನ್ ಭಾರ ಒಂದೆರಡು ಚದರ ಮೀಟರ್ ಜಾಗದಲ್ಲಿ ಬಂದು ಕೂರುತ್ತದೆ. ತಾರಸಿ ಅಥವಾ ಬಾಲ್ಕನಿಯಲ್ಲಿ ಇಡುವುದಾದರೆ ಕಟ್ಟಡದ ಇಂಜಿನಿಯರನ್ನು ಕೇಳದೆ ಮುಂದುವರಿಯಬಾರದು.

ಜಲ್ಲಿ 8ರಿಂದ 20 ಮಿಲಿಮೀಟರ್ ಗಾತ್ರದ್ದಿರಲಿ. ಅದಕ್ಕಿಂತ ಸಣ್ಣದಾದರೆ ಬೇಗ ಕಟ್ಟಿಕೊಳ್ಳುತ್ತದೆ, ದೊಡ್ಡದಾದರೆ ಬೇರಿಗೆ ಹಿಡಿತ ಸಿಗುವುದಿಲ್ಲ. ಒಂದು ಹಿಡಿ ಜಲ್ಲಿಯನ್ನು ಲೋಟಕ್ಕೆ ಹಾಕಿ ಮುಳುಗುವಷ್ಟು ವಿನೆಗರ್ ಸುರಿದು ಕೆಲವು ನಿಮಿಷ ಗಮನಿಸಬೇಕು. ಕಲ್ಲಿನ ಮೈಯಿಂದ ಗುಳ್ಳೆಗಳು ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ನೀರಿನ ಪಿಎಚ್ಚನ್ನು ಅದು ತಿಂಗಳುಗಟ್ಟಲೆ ಮೇಲೆಯೇ ಹಿಡಿದಿಡುತ್ತದೆ. ಅಂಥ ಕಲ್ಲು ಬೇಡ. ಬೇಡವಾದುದನ್ನು ಬಿಟ್ಟು ತಂದ ಜಲ್ಲಿಯನ್ನೂ ಧೂಳು ಪೂರ್ತಿ ಹೋಗುವವರೆಗೆ ತೊಳೆಯಬೇಕು; ಬೇಸರದ ಕೆಲಸವಾದರೂ ಇಲ್ಲಿ ಉಳಿಸಿದ ಶ್ರಮ ಆಮೇಲೆ ಪಂಪಿನಲ್ಲಿ ಕೆಸರಾಗಿ ಎದುರಾಗುತ್ತದೆ.

ಮಡಿಯಲ್ಲಿ ನೀರು ಸದಾ ನಿಂತಿರಬಾರದು. ತುಂಬಬೇಕು, ಬಸಿದುಹೋಗಬೇಕು, ಮತ್ತೆ ತುಂಬಬೇಕು. ಬಸಿಯುವಾಗ ಜಲ್ಲಿಯ ಸಂದುಗಳಿಗೆ ಗಾಳಿ ನುಗ್ಗುತ್ತದೆ. ಬೇರು ಮತ್ತು ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಸಿಗುವುದು ಆಗಲೇ. ಈ ಏರಿಳಿತವನ್ನು ಟೈಮರಿನಿಂದಲೂ ಮಾಡಬಹುದು, ಯಾವ ವಿದ್ಯುತ್ ಉಪಕರಣವೂ ಇಲ್ಲದೆ, ತುಂಬಿದ ನೀರನ್ನು ತಾನಾಗಿ ಎಳೆದು ಬಸಿಯುವ ಬೆಲ್ ಸೈಫನ್ನಿನಿಂದಲೂ ಮಾಡಬಹುದು. ಅದರ ರಚನೆ ಹೀಗೆ. ಮಡಿಯ ತಳದಿಂದ ನೆಟ್ಟಗೆ ನಿಂತ ಒಂದು ಪೈಪು, ಅದರ ಬಾಯಿ ಜಲ್ಲಿಯ ಮೇಲ್ಮೈಗಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ. ಅದರ ಮೇಲೆ ಬೋರಲು ಹಾಕಿದ, ತಲೆ ಮುಚ್ಚಿದ, ಬುಡದಲ್ಲಿ ಕಚ್ಚು ಕೊರೆದ ದಪ್ಪ ಪೈಪು, ಇದೇ ಬೆಲ್. ಇವೆರಡನ್ನೂ ಜಲ್ಲಿಯಿಂದ ಬೇರೆಯಾಗಿಸಲು ಹೊರಗೊಂದು ತೂತುಗಳಿರುವ ಕೊಳವೆ. ನೀರು ಮೇಲೇರಿ ಒಳಪೈಪಿನ ಬಾಯಿಯನ್ನು ದಾಟಿ ಕೆಳಗೆ ಧುಮುಕುವಾಗ ಬೆಲ್ಲಿನೊಳಗಿನ ಗಾಳಿಯನ್ನು ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ಗಾಳಿ ತೀರಿದೊಡನೆ ಸೈಫನ್ ಹಿಡಿದು, ಪಂಪು ತುಂಬಿಸುವುದಕ್ಕಿಂತ ವೇಗವಾಗಿ ಮಡಿ ಬರಿದಾಗುತ್ತದೆ. ಮಟ್ಟ ಬುಡದ ಕಚ್ಚಿನವರೆಗೆ ಇಳಿದಾಗ ಗೊಳಗೊಳ ಸದ್ದಿನೊಂದಿಗೆ ಗಾಳಿ ಒಳನುಗ್ಗಿ ಸೈಫನ್ ಮುರಿಯುತ್ತದೆ, ಮಡಿ ಮತ್ತೆ ತುಂಬತೊಡಗುತ್ತದೆ. ಇದು ಕೈಕೊಡುವ ಬಗೆಗಳು ಎರಡೇ. ಒಳಹರಿವು ತೀರ ಕಡಿಮೆಯಾದರೆ ನೀರು ಒಳಪೈಪಿನ ಅಂಚಿನಿಂದ ತೆಳುವಾಗಿ ಜಾರುತ್ತ ಸೈಫನ್ ಹಿಡಿಯುವುದೇ ಇಲ್ಲ. ತೀರ ಹೆಚ್ಚಾದರೆ ಹಿಡಿದ ಸೈಫನ್ ಬಿಡುವುದೇ ಇಲ್ಲ. ಪಂಪಿನಿಂದ ಬರುವ ಪೈಪಿಗೊಂದು ಕವಾಟ ಕೂರಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡುವುದೇ ಇದಕ್ಕೆ ಪರಿಹಾರ.

ಮಡಿ ತುಂಬಿದಾಗ ತೊಟ್ಟಿಯಲ್ಲಿ ನೀರೆಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಬಹಳ ಮಂದಿ ಮರೆಯುತ್ತಾರೆ. 300 ಲೀಟರ್ ಗಾತ್ರದ ಜಲ್ಲಿಯಲ್ಲಿ ಶೇ. 40ರಷ್ಟು ಸಂದು ಎಂದುಕೊಂಡರೆ, ಮೇಲಿನ ಒಣಪದರವನ್ನು ಕಳೆದು, ಸುಮಾರು 100 ಲೀಟರ್ ನೀರು ತೊಟ್ಟಿಯಿಂದ ಮೇಲೆ ಹೋಗಿರುತ್ತದೆ. ಐದರಲ್ಲಿ ಒಂದು ಭಾಗ ಇಳಿದ ಆ ಮಟ್ಟದಲ್ಲೂ ಪಂಪು ಮುಳುಗಿರಬೇಕು, ಮೀನು ಆರಾಮಾಗಿರಬೇಕು. ಪಂಪು ಗಂಟೆಗೊಮ್ಮೆ ತೊಟ್ಟಿಯ ಇಡೀ ನೀರನ್ನು ಮೇಲೆತ್ತುವಂತಿರಲಿ. ಡಬ್ಬಿಯ ಮೇಲೆ ಮುದ್ರಿಸಿದ ಲೀಟರಿನ ಅಂಕಿ ಸಾಮಾನ್ಯವಾಗಿ ಎತ್ತರವೇ ಇಲ್ಲದಾಗ ಹರಿಯುವ ಪ್ರಮಾಣ. ಒಂದು ಮೀಟರ್ ಮೇಲೆತ್ತುವಾಗ ಅದು ಗಣನೀಯವಾಗಿ ಕುಗ್ಗುತ್ತದೆ.

ನೀರು ತುಂಬಿದ ದಿನವೇ ಮೀನು ಬಿಡುವುದು ಈ ಹವ್ಯಾಸದಲ್ಲಿ ಅತ್ಯಂತ ಸಾಮಾನ್ಯವಾದ ಅವಸರ. ನಲ್ಲಿ ನೀರಿನ ಕ್ಲೋರಿನ್ ಹೋಗಲು ಗಾಳಿ ಹಾಯಿಸುತ್ತ ಒಂದೆರಡು ದಿನ ಬಿಟ್ಟರೆ ಸಾಕು. ಕೆಲವು ಊರುಗಳಲ್ಲಿ ಬಳಸುವ ಕ್ಲೋರಮೈನ್ ಹಾಗೆ ಸುಲಭವಾಗಿ ಹೋಗದು, ಅದಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ನಿವಾರಕ ದ್ರಾವಣ ಅಥವಾ ಇದ್ದಿಲಿನ ಫಿಲ್ಟರ್ ಬೇಕು. ಆದರೆ ಕಾಯಬೇಕಾದ ನಿಜವಾದ ಕಾರಣ ಬ್ಯಾಕ್ಟೀರಿಯಾ. ಹೊಸ ಜಲ್ಲಿಯಲ್ಲಿ ಅವು ನೆಲೆಗೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ವಾರ ಹಿಡಿಯುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚು. ಈ ಅವಧಿಯಲ್ಲಿ ಮೀನಿಲ್ಲದೆಯೇ, ಸೋಪು ಅಥವಾ ಸುಗಂಧ ಬೆರೆಸದ ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ, ಟೆಸ್ಟ್ ಕಿಟ್ ಲೀಟರಿಗೆ 2 ಮಿಲಿಗ್ರಾಂ ತೋರಿಸುವಂತೆ ಇಟ್ಟುಕೊಳ್ಳುವುದು ಉತ್ತಮ ಕ್ರಮ. ಬೇರೊಂದು ಆರೋಗ್ಯವಂತ ಘಟಕದಿಂದ ಒಂದು ಬಕೆಟ್ ಜಲ್ಲಿ ಸಿಕ್ಕಿದರೆ ಕಾಯುವ ಕಾಲ ಬಹಳಷ್ಟು ಕಡಿಮೆಯಾಗುತ್ತದೆ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ಲೀಟರಿಗೆ 2 ಮಿಲಿಗ್ರಾಮಿನಂತೆ ಸೇರಿಸಿದ ಅಮೋನಿಯಾ 24 ಗಂಟೆಯೊಳಗೆ ಇಲ್ಲವಾಗಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾದ ದಿನ ಮೀನು ಬಿಡಬಹುದು.

ಘಟಕ ನಡೆಯತೊಡಗಿದ ಮೇಲೆ ತಿಂಗಳುಗಟ್ಟಲೆ ಗಮನ ಬೇಡುವುದು ಪಿಎಚ್. ಬ್ಯಾಕ್ಟೀರಿಯಾಗಳಿಗೆ 7ಕ್ಕಿಂತ ಮೇಲಿನ ಪಿಎಚ್ ಇಷ್ಟ, ಹೆಚ್ಚಿನ ಗಿಡಗಳಿಗೆ 5.5ರಿಂದ 6.5. ಮೀನು, ಗಿಡ, ಬ್ಯಾಕ್ಟೀರಿಯಾ ಮೂರೂ ಹೊಂದಿಕೊಂಡು ಹೋಗುವ ಜಾಗ 6.5ರಿಂದ 7ರ ನಡುವೆ ಇದೆ. ಆದರೆ ಅದು ತಾನಾಗಿ ಅಲ್ಲಿ ನಿಲ್ಲುವುದಿಲ್ಲ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಕ್ರಿಯೆ ಆಮ್ಲವನ್ನು ಹುಟ್ಟಿಸುತ್ತದೆ. ಒಂದು ಗ್ರಾಂ ಸಾರಜನಕ ಹೀಗೆ ಬದಲಾಗುವಾಗ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರತೆ, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ, ನೀರಿನಿಂದ ಕಳೆದುಹೋಗುತ್ತದೆ. ನಮ್ಮ 50 ಗ್ರಾಂ ಮೇವಿನಿಂದ ಬರುವ ಒಂದೂವರೆ ಗ್ರಾಂ ಸಾರಜನಕಕ್ಕೆ ದಿನಕ್ಕೆ 10 ಗ್ರಾಮಿನಷ್ಟು. ಗಿಡಗಳು ನೈಟ್ರೇಟ್ ಹೀರುವಾಗ ಅದರಲ್ಲಿ ಸ್ವಲ್ಪವನ್ನು ಹಿಂದಿರುಗಿಸುತ್ತವೆ, ಪೂರ್ತಿಯಾಗಿ ಅಲ್ಲ. ನೀರು ಗಡಸಾಗಿದ್ದರೆ ಈ ಸೋರಿಕೆ ಬಹುಕಾಲ ಕಣ್ಣಿಗೇ ಬೀಳುವುದಿಲ್ಲ. ಪಿಎಚ್ ವಾರಗಟ್ಟಲೆ ಒಂದೇ ಕಡೆ ನಿಂತಿದ್ದು, ಕ್ಷಾರತೆ ತೀರಿದ ಕೂಡಲೇ ಕೆಲವೇ ದಿನಗಳಲ್ಲಿ ಕುಸಿಯುತ್ತದೆ.

ಈ ಕುಸಿತದ ಹಿಂದೆ ಇನ್ನೊಂದು ಅಪಾಯ ಅಡಗಿದೆ. ಪಿಎಚ್ 6ಕ್ಕಿಂತ ಕೆಳಗಿಳಿದಾಗ ಬ್ಯಾಕ್ಟೀರಿಯಾಗಳ ಕೆಲಸ ಬಹುತೇಕ ನಿಂತು ನೀರಿನಲ್ಲಿ ಅಮೋನಿಯಾ ಸೇರುತ್ತ ಹೋಗುತ್ತದೆ, ಆದರೂ ಮೀನುಗಳು ಏನೂ ಆಗದಂತೆ ಈಜಾಡುತ್ತಿರಬಹುದು. ಕಾರಣವಿಷ್ಟೆ: ಆಮ್ಲೀಯ ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ಅಯಾನಿನ ರೂಪದಲ್ಲಿರುತ್ತದೆ, ಆ ರೂಪದ ವಿಷ ಬಹಳ ಕಡಿಮೆ. 25 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಪಿಎಚ್ 7ರ ನೀರಿನಲ್ಲಿ ಒಟ್ಟು ಅಮೋನಿಯಾದ ಶೇ. 0.6ರಷ್ಟು ಮಾತ್ರ ವಿಷಕಾರಿ ರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಅದು ಶೇ. 5ರಷ್ಟು, 9ರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಪಿಎಚ್ ಬಿದ್ದಿದೆ ಎಂದು ಗಾಬರಿಯಾಗಿ ಒಂದು ಹಿಡಿ ಸುಣ್ಣ ಸುರಿದರೆ ಅದುವರೆಗೆ ಅಡಗಿದ್ದ ಅಮೋನಿಯಾ ಒಮ್ಮೆಲೇ ವಿಷವಾಗುತ್ತದೆ ಮತ್ತು ಮೀನುಗಳು ಸಾಯುವುದು ಪಿಎಚ್ ಕುಸಿದಾಗಲ್ಲ, ಅದನ್ನು ಸರಿಪಡಿಸಿದಾಗ. ಆದ್ದರಿಂದ ಮೊದಲು ಅಮೋನಿಯಾ ಅಳೆಯಬೇಕು, ಅದು ಹೆಚ್ಚಿದ್ದರೆ ಮೇವು ನಿಲ್ಲಿಸಿ ಒಂದಿಷ್ಟು ನೀರು ಬದಲಿಸಬೇಕು, ಬಳಿಕ ಪಿಎಚ್ಚನ್ನು ದಿನಕ್ಕೆ 0.2ರಷ್ಟು ಮಾತ್ರ ಏರಿಸಬೇಕು. ಇದಕ್ಕೆ ಪೊಟ್ಯಾಸಿಯಂ ಬೈಕಾರ್ಬೊನೇಟ್ ಒಂದು ಸಲ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇನ್ನೊಂದು ಸಲ, ಹೀಗೆ ಸರದಿಯಲ್ಲಿ, ಬಕೆಟ್ ನೀರಿನಲ್ಲಿ ಕದಡಿ ಸ್ವಲ್ಪ ಸ್ವಲ್ಪ ಸೇರಿಸಿದರೆ ಗಿಡಕ್ಕೆ ಬೇಕಾದ ಎರಡು ಪೋಷಕಾಂಶಗಳೂ ಜೊತೆಯಲ್ಲೇ ಸಿಗುತ್ತವೆ. ಅಡುಗೆ ಸೋಡಾ ಪಿಎಚ್ ಏರಿಸುತ್ತದಾದರೂ ಅದರ ಸೋಡಿಯಂ ನೀರಿನಲ್ಲೇ ಉಳಿದು ಗಿಡವನ್ನು ಕಾಡುತ್ತದೆ.

ಮೇವು ಮೀನಿಗಾಗಿ ತಯಾರಾದದ್ದು. ಗಿಡಕ್ಕೆ ಬೇಕಾದ ಎಲ್ಲವೂ ಅದರಲ್ಲಿ ಸಾಕಷ್ಟಿರುವುದಿಲ್ಲ. ಕಬ್ಬಿಣ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮೂರರ ಕೊರತೆ ಮೇಲಿಂದ ಮೇಲೆ ಕಾಣುತ್ತದೆ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಸಿಯಂ ಕೊರತೆ. ಎಳೆ ಎಲೆಯ ತುದಿ ಕಪ್ಪಾದರೆ ಕ್ಯಾಲ್ಸಿಯಂ ಅನುಮಾನ. ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾದರೆ ಅದು ಸಾರಜನಕದ ಅಭಾವ, ಅಂದರೆ ಮೇವು ಸಾಲದು ಅಥವಾ ಗಿಡ ಹೆಚ್ಚಾಗಿದೆ. ಕಬ್ಬಿಣಕ್ಕೆ, ಅದನ್ನು ನೀರಿನಲ್ಲಿ ಕರಗಿದ ರೂಪದಲ್ಲೇ ಹಿಡಿದಿಡುವ ಡಿಟಿಪಿಎ ಎಂಬ ರಾಸಾಯನಿಕದ ಜೊತೆ ಬಂಧಿಸಿದ ಕಬ್ಬಿಣದ ಪುಡಿಯನ್ನು ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಬರುವಂತೆ ಮೂರು ವಾರಕ್ಕೊಮ್ಮೆ ಸೇರಿಸುವ ಪದ್ಧತಿಯನ್ನು ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದ ಪ್ರಯೋಗಗಳು ಬಳಕೆಗೆ ತಂದವು; ಮನೆಯ ಘಟಕದಲ್ಲೂ ಅದು ಚೆನ್ನಾಗಿ ನಡೆಯುತ್ತದೆ. ತುಕ್ಕು ಹಿಡಿದ ಮೊಳೆ ಹಾಕುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ, ಆ ಕಬ್ಬಿಣ ಗಿಡಕ್ಕೆ ಎಟುಕುವ ರೂಪದಲ್ಲಿರುವುದಿಲ್ಲ.

ಕೀಟಗಳ ವಿಷಯದಲ್ಲಿ ಕೈ ಕಟ್ಟಿಹಾಕಿದಂತೆಯೇ ಸರಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಮೀನಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ತಾಮ್ರದ ಶಿಲೀಂಧ್ರನಾಶಕಗಳೂ ಹಾಗೆಯೇ. ಸಸ್ಯಜನ್ಯ ಎಂಬ ಕಾರಣಕ್ಕೆ ಬೇವಿನ ಎಣ್ಣೆಯನ್ನೋ ಸೋಪಿನ ನೀರನ್ನೋ ನಿರಾತಂಕವಾಗಿ ಸಿಂಪಡಿಸುವಂತಿಲ್ಲ, ಹನಿಗಳು ನೀರಿಗೆ ಇಳಿದೇ ಇಳಿಯುತ್ತವೆ. ಹುಳುಗಳನ್ನು ಕೈಯಿಂದ ಹೆಕ್ಕುವುದು, ಬಲೆ ಕಟ್ಟುವುದು, ಗಿಡದ ಹೇನಿಗೆ ನೀರಿನ ಧಾರೆ ಹೊಡೆಯುವುದು ಇಷ್ಟೇ ಉಳಿದ ದಾರಿ.

ಯಾವ ಮೀನು ಎಂಬುದನ್ನು ನೀರಿನ ತಾಪಮಾನ ನಿರ್ಧರಿಸಬೇಕು. ತಿಲಾಪಿಯಾ ಗಟ್ಟಿಜೀವಿ, 27ರಿಂದ 30 ಡಿಗ್ರಿಯಲ್ಲಿ ಚುರುಕಾಗಿ ಬೆಳೆಯುತ್ತದೆ, ಆದರೆ ಚಳಿ ತಡೆಯದು. ಕೆಲವು ದೇಶ, ಪ್ರದೇಶಗಳಲ್ಲಿ ಅದನ್ನು ಸಾಕಲು ಅನುಮತಿ ಬೇಕು, ಕೆಲವೆಡೆ ನಿಷೇಧವೇ ಇದೆ. ಸಾಮಾನ್ಯ ಗೆಂಡೆ ಹೆಚ್ಚು ತಣ್ಣನೆಯ ನೀರಿಗೂ ಒಗ್ಗುತ್ತದೆ. ಮೀನು ತಿನ್ನುವ ಉದ್ದೇಶವಿಲ್ಲದವರಿಗೆ ಗೋಲ್ಡ್‌ಫಿಶ್ ಸಾಕು; ಗಿಡದ ಪಾಲಿಗೆ ಯಾವ ಮೀನಿನ ಸಾರಜನಕವಾದರೂ ಒಂದೇ. ಸಾಕಿದ ಮೀನನ್ನು ಕೆರೆ ಹೊಳೆಗಳಿಗೆ ಬಿಡುವ ಯೋಚನೆ ಮಾತ್ರ ಬೇಡ.

ಮೀನು ಸಾಯುವ ಅತಿ ವೇಗದ ದಾರಿ ಆಮ್ಲಜನಕದ ಅಭಾವ. ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಮಿಗಿಂತ ಮೇಲಿರಬೇಕು. 30 ಡಿಗ್ರಿಯ ನೀರು ಪೂರ್ತಿ ತುಂಬಿಕೊಂಡರೂ ಹಿಡಿಯುವುದು ಸುಮಾರು 7.5 ಮಿಲಿಗ್ರಾಂ ಮಾತ್ರ, ಆದ್ದರಿಂದ ಸೆಕೆ ಹೆಚ್ಚಿದಂತೆ ಉಳಿಯುವ ಅಂತರ ಕಿರಿದಾಗುತ್ತ ಹೋಗುತ್ತದೆ. ವಿದ್ಯುತ್ ಹೋದಾಗ ಗಿಡಗಳು ಒಂದು ದಿನ ತಡೆದುಕೊಂಡಾವು, ಮೀನುಗಳಿಗೆ ಸಿಗುವುದು ಕೆಲವು ಗಂಟೆಗಳು. ನೀರಿನ ಪಂಪಿನ ಜೊತೆಗೆ ಬ್ಯಾಟರಿಯಿಂದ ನಡೆಯುವ ಸಣ್ಣದೊಂದು ಗಾಳಿ ಪಂಪು ಇರಲೇಬೇಕು. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಮೇವು ಹಾಕಬಾರದು, ಏಕೆಂದರೆ ಜೀರ್ಣಕ್ರಿಯೆ ಅವುಗಳ ಆಮ್ಲಜನಕದ ಬೇಡಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ದಿನನಿತ್ಯದ ಕೆಲಸ ಹತ್ತು ಹದಿನೈದು ನಿಮಿಷದ್ದು. ತೇಲುವ ಮೇವನ್ನು ತೂಗಿ ಹಾಕಿ, ಅರ್ಧ ಗಂಟೆಯ ಬಳಿಕ ಉಳಿದದ್ದನ್ನು ಬಲೆಯಿಂದ ತೆಗೆದು, ತಿಂದದ್ದೆಷ್ಟು ಎಂದು ಬರೆದಿಡಬೇಕು. ಮೀನು ಮೇವು ಬಿಡತೊಡಗಿದರೆ ಟೆಸ್ಟ್ ಕಿಟ್ ಹೊರತೆಗೆಯುವ ಸಮಯ ಬಂತೆಂದೇ ಲೆಕ್ಕ. ನೀರಿನ ತೊಂದರೆಯನ್ನು ಅವು ಬಹುಪಾಲು ನಮಗಿಂತ ಮೊದಲೇ ಅರಿಯುತ್ತವೆ. ಮೊದಲ ತಿಂಗಳುಗಳಲ್ಲಿ ಒಂದೆರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ಅಳೆದರೆ ಸಾಕು. ಜಲ್ಲಿಗೆ ಒಂದು ಹಿಡಿ ಎರೆಹುಳು ಬಿಟ್ಟರೆ ಅವು ಸೇರಿಕೊಂಡ ಮಲವನ್ನೂ ಸತ್ತ ಬೇರನ್ನೂ ಒಡೆದು ಮಡಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತವೆ.

ಸೊಪ್ಪನ್ನು ಒಂದೇ ದಿನ ಪೂರ್ತಿ ಕೊಯ್ದರೆ ಮರುದಿನದಿಂದ ನೈಟ್ರೇಟ್ ಏರುತ್ತದೆ; ದೊಡ್ಡ ಮೀನುಗಳನ್ನೆಲ್ಲ ಒಮ್ಮೆಲೇ ಹಿಡಿದರೆ ಮೇವು ಕುಸಿದು ಗಿಡ ಸೊರಗುತ್ತದೆ. ಹಾಗಾಗಿ ವಾರಕ್ಕೊಂದು ಸಾಲು ಕೊಯ್ದು ಒಂದು ಸಾಲು ನೆಡುವುದು, ಮೀನಿನಲ್ಲೂ ದೊಡ್ಡವನ್ನು ಎರಡು ಮೂರರಂತೆ ತೆಗೆದು ಮರಿಗಳನ್ನು ಸೇರಿಸುವುದು ದಿನದ ಮೇವನ್ನು 50 ಗ್ರಾಮಿನ ಆಸುಪಾಸಿನಲ್ಲಿ ಉಳಿಸುತ್ತದೆ. ಹೊಸ ಮರಿಗಳನ್ನು ಎರಡು ವಾರವಾದರೂ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸಿದ ಮೇಲೆಯೇ ಬಿಡಬೇಕು. ಮೀನಿಗೆ ಬಂದ ರೋಗಕ್ಕೆ ಕೊಡುವ ತಾಮ್ರದ ಔಷಧಿ, ಆಂಟಿಬಯೋಟಿಕ್, ಹೆಚ್ಚಿನ ಉಪ್ಪು ಇವು ಘಟಕದ ನೀರಿಗೆ ಬಿದ್ದರೆ ಬ್ಯಾಕ್ಟೀರಿಯಾಗಳಿಗೋ ಗಿಡಗಳಿಗೋ ಅಥವಾ ಆ ಸೊಪ್ಪನ್ನು ತಿನ್ನುವವರಿಗೋ ತೊಂದರೆ ಖಚಿತ. ಚಿಕಿತ್ಸೆ ಏನಿದ್ದರೂ ಆ ಬೇರೆ ತೊಟ್ಟಿಯಲ್ಲೇ ನಡೆಯಬೇಕು.